ಉದ್ಯಮ ಕಟ್ಟಿದವನಿಗೂ ಗುರು ಬೇಕು

“ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮಾತಿದು. ಒಡೆಯನ ಕಣ್ಣಳತೆಗೆ ಸಿಕ್ಕುವಷ್ಟು ಹೊಲ, ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತು, ಸುಗ್ಗಿಯ ಹೊತ್ತಿಗೆ ನಾಲ್ಕು ಜನ ಆಳುಗಳು ಇದ್ದ ಮನೆತನಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು. ಆದರೆ ಒಬ್ಬನ ತಲೆಯಲ್ಲಿ ಹೊಳೆದ ಕೆಲಸಕ್ಕೆ ಐವತ್ತು ಜನ ಕೈಗೂಡಿಸಿದಾಗ, ಆ ಐವತ್ತು ಸಂಸಾರಗಳ ಅನ್ನವು ಅದರ ಮೇಲೆಯೇ ನಿಂತಾಗ, ಈ ಗಾದೆಯನ್ನು ನೆಚ್ಚಿ ಕುಳಿತ ಒಡೆಯನು ತನ್ನ ಕೆಲಸಕ್ಕೆ ತಾನೇ ಅಡ್ಡಿಯಾಗುತ್ತಾನೆ. ಎಲ್ಲವನ್ನೂ ತಾನೇ ಮಾಡಹೋಗಿ ಯಾವುದನ್ನೂ ಮುಗಿಸಲಾರ. ಇನ್ನೊಬ್ಬರ ಕೈಗೆ ಬಿಟ್ಟುಕೊಡಲೂ ಆರ. ಕಟ್ಟುವ ವಿದ್ಯೆ ಬೇರೆ, ನಡೆಸುವ ವಿದ್ಯೆ ಬೇರೆ ಎಂಬ ಸತ್ಯವು ಅವನಿಗೆ ಆಗ ಅರಿವಾಗತೊಡಗುತ್ತದೆ.

ಇಂದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಈ ಎರಡನೆಯ ವಿದ್ಯೆಯನ್ನು ಕಲಿಸುವ ಪ್ರಯತ್ನ ನಡೆದಿದೆ. ಗಣಕಯಂತ್ರದ ನೆರವಿನಿಂದಲೋ ಹೊಸದೊಂದು ಉಪಕರಣದ ನೆರವಿನಿಂದಲೋ ಉದ್ಯಮ ಹೂಡಿದ ತರುಣ-ತರುಣಿಯರು ಇಲ್ಲಿ ಅನೇಕರಿದ್ದಾರೆ. ಅವರ ಉದ್ಯಮಕ್ಕೆ ‘ಸ್ಟಾರ್ಟಪ್’ ಎಂದು ಹೆಸರು. ಪತ್ರಿಕೆಗಳು ಅದನ್ನು ‘ನವೋದ್ಯಮ’ ಎಂದು ಕನ್ನಡಿಸಿವೆ. ಅವರಿಗೆ ಹಣ, ಜಾಗ, ಯಂತ್ರ ಒದಗಿಸುವುದರ ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಮುಂದೆ ನಡೆಯುವುದು ಹೇಗೆಂದು ತಿಳಿಸುವ ಹಿರಿಯರೂ ಬಂದಿದ್ದಾರೆ. ಇದು ಅಮೆರಿಕದಿಂದ ಬಂದ ಹೊಸ ಶೋಕಿ ಎಂದು ಕೆಲವರು ಅನ್ನುವುದುಂಟು. ವಾಚಕರೇ, ಆ ಮಾತನ್ನು ಒಪ್ಪುವ ಮುನ್ನ ಇದರ ಹಿಂದಿನ ಚರಿತ್ರೆಯನ್ನು ತುಸು ನೋಡೋಣ.

ಮೊದಲು ಶಬ್ದದ ಕಥೆ. ಇಂಥ ಹಿರಿಯನಿಗೆ ಈಗ ಎಲ್ಲೆಡೆಯೂ ‘ಕೋಚ್’ ಎನ್ನುತ್ತಾರೆ. ಹುಬ್ಬಳ್ಳಿಯವರಿಗೆ ಕೋಚ್ ಎಂದೊಡನೆ ನೆನಪಾಗುವುದು ರೈಲಿನ ಡಬ್ಬಿ. ಹುಡುಗರಿಗೆ ನೆನಪಾಗುವುದು ಕ್ರಿಕೆಟ್ ಮೈದಾನದ ತರಬೇತುದಾರ. ಎರಡರ ಮೂಲವೂ ಒಂದೇ. ಹಂಗೇರಿ ದೇಶದಲ್ಲಿ ಕೋಚ್ ಎಂಬುದೊಂದು ಹಳ್ಳಿ. ಅಲ್ಲಿ ತಯಾರಾಗುತ್ತಿದ್ದ ಒಳ್ಳೆಯ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು ಯುರೋಪಿನ ಭಾಷೆಗಳಲ್ಲೆಲ್ಲ ಹರಡಿತು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು, ಪರೀಕ್ಷೆಯ ಹೊಳೆಯನ್ನು ದಾಟಿಸುವ ಮನೆಪಾಠದ ಗುರುವನ್ನು ವಿನೋದದಿಂದ ‘ಕೋಚ್’ ಎಂದು ಕರೆಯತೊಡಗಿದರು. ಮುಂದೆ ಅದು ಆಟದ ಬಯಲಿಗೂ ಅಲ್ಲಿಂದ ವ್ಯಾಪಾರದ ಕಚೇರಿಗೂ ಬಂದಿತು. ಒಂದೂರಿನಿಂದ ಇನ್ನೊಂದೂರಿಗೆ ತಲುಪಿಸುವವನು ಎಂಬುದೇ ಇದರ ತಿರುಳು. ನಮ್ಮವರು ಇಂಥವನನ್ನು ಸಾರಥಿ ಎಂದಿದ್ದಾರೆ. ಸಾರಥಿಯು ಬಿಲ್ಲು ಹಿಡಿಯುವುದಿಲ್ಲ. ಬಿಲ್ಲು ಹಿಡಿದವನ ಕೈ ನಡುಗಿದಾಗ ಅವನ ಸಂಗಡ ಮಾತನಾಡುತ್ತಾನೆ.

ಇನ್ನು ‘ನಾಯಕ’ ಶಬ್ದ. ‘ನೀ’ ಎಂಬ ಸಂಸ್ಕೃತ ಧಾತುವಿಗೆ ಕರೆದೊಯ್ಯು ಎಂದರ್ಥ. ಅದರಿಂದ ನಾಯಕ, ನೇತಾರ ಎಂಬ ಪದಗಳು ಬಂದಂತೆ ನಯ ಎಂಬುದೂ ವಿನಯ ಎಂಬುದೂ ಬಂದಿವೆ. ವಿನಯವೆಂದರೆ ತಲೆ ತಗ್ಗಿಸಿ ನಿಲ್ಲುವುದೆಂದು ನಾವು ಇಂದು ತಿಳಿಯುತ್ತೇವೆ. ಶಾಸ್ತ್ರಗಳಲ್ಲಿ ಅದಕ್ಕೆ ಶಿಕ್ಷಣ, ಶಿಸ್ತು ಎಂಬ ಅರ್ಥವೂ ಇದೆ. ಅಂದಮೇಲೆ ನಾಯಕನೂ ನಯವೂ ವಿನಯವೂ ಒಂದೇ ಮನೆಯ ಮಕ್ಕಳು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದ ಹೆಸರೇ ‘ವಿನಯಾಧಿಕಾರಿಕ’. ಬೊಕ್ಕಸ, ಸೈನ್ಯ, ಕೋಟೆಗಳ ವಿಚಾರವೆಲ್ಲ ಅನಂತರ. ಮೊದಲು ಆಳುವವನ ಶಿಕ್ಷಣ. ಆಳುವವನು ಕಾಮ, ಕ್ರೋಧ, ಲೋಭ, ಮಾನ, ಮದ, ಹರ್ಷ ಎಂಬ ಆರು ಶತ್ರುಗಳನ್ನು ಒಳಗೇ ಗೆಲ್ಲಬೇಕು, ವಿದ್ಯೆಯಲ್ಲಿ ಬಲಿತ ವೃದ್ಧರ ಸಹವಾಸವನ್ನು ಬಿಡಬಾರದು ಎಂದು ಅಲ್ಲಿ ವಿಧಿಸಿದೆ. ಹರ್ಷವನ್ನೂ ಶತ್ರುಗಳ ಸಾಲಿಗೆ ಸೇರಿಸಿದ ಜಾಣ್ಮೆಯನ್ನು ಗಮನಿಸಿರಿ. ಮೊದಲ ಗೆಲುವಿನ ಹಿಗ್ಗಿನಲ್ಲಿ ಕಣ್ಣು ಕತ್ತಲೆಗೊಂಡವರು ಎಷ್ಟು ಜನರಿಲ್ಲ! ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಪ್ರತಿಯು ಬೆಳಕು ಕಂಡದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ದಾರಿತಪ್ಪಿದ ರಾಜಕುಮಾರರನ್ನು ಕಥೆಗಳಿಂದಲೇ ತಿದ್ದುವ ಪಂಚತಂತ್ರವನ್ನು ದುರ್ಗಸಿಂಹನು ಕನ್ನಡಕ್ಕೆ ತಂದದ್ದು ಕ್ರಿ.ಶ. 1031ರ ಸುಮಾರಿಗೆ. ಅಧಿಕಾರವುಳ್ಳವನಿಗೆ ಪಾಠ ಹೇಳುವುದು ನಮ್ಮಲ್ಲಿ ಹೊಸದೇನೂ ಅಲ್ಲ.

ಅದು ಅರಸುಮಕ್ಕಳ ಮಾತಾಯಿತು; ವ್ಯಾಪಾರಿಗಳ ಕಥೆಯೇನು ಎಂದು ತಾವು ಕೇಳಬಹುದು. ಅದಕ್ಕೂ ನಮ್ಮ ಸೀಮೆಯಲ್ಲಿಯೇ ಉತ್ತರವಿದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯು ಗುಡಿಗಳಿಗಾಗಿ ಪ್ರಸಿದ್ಧ. ಆದರೆ ಅದೇ ಊರಿನ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಮಹಾಸಂಘವು ಹಲವು ಶತಮಾನಗಳ ಕಾಲ ದಕ್ಷಿಣಾಪಥದ ಉದ್ದಗಲಕ್ಕೂ ವ್ಯವಹಾರ ನಡೆಸಿತ್ತೆಂಬುದು ಕನ್ನಡ, ತಮಿಳು, ತೆಲುಗು ಸೀಮೆಗಳ ಶಾಸನಗಳಿಂದ ತಿಳಿಯುತ್ತದೆ. ಪಟ್ಟಣದ ವರ್ತಕರಿಗೆ ಹಿರಿಯನಾದವನು ‘ಪಟ್ಟಣಸ್ವಾಮಿ’. ದೊಡ್ಡ ವ್ಯಾಪಾರಿಯು ‘ವಡ್ಡವ್ಯವಹಾರಿ’. ಅವರೆಲ್ಲರ ನಡೆಗೆ ಕಟ್ಟುಪಾಡಾಗಿ ‘ಬಣಂಜುಧರ್ಮ’ವೆಂಬುದಿತ್ತು. ಮುಖ್ಯಸ್ಥನೊಬ್ಬನ ಮನಸ್ಸಿಗೆ ತೋರಿದ್ದೇ ಕಾನೂನಾಗಿರಲಿಲ್ಲ. ಸಂಘವು ಸಭೆ ಸೇರಿ ತೀರ್ಮಾನಿಸುತ್ತಿತ್ತು. ಎಷ್ಟೇ ದೊಡ್ಡ ವ್ಯಾಪಾರಿಯಾದರೂ ಸರೀಕರ ಎದುರಿಗೆ ಕುಳಿತು ಮಾತು ಕೇಳಬೇಕಾಗಿತ್ತು ಎಂಬುದೇ ಆ ಸಂಘದಿಂದ ನಾವು ಕಲಿಯತಕ್ಕ ಪಾಠ.

ಶತಮಾನಗಳನ್ನು ದಾಟಿ ಯಂತ್ರಗಳ ಕಾಲಕ್ಕೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲೆಂದು ಮುಂಬಯಿಗೆ ಹೋದವರು. ಬಣ್ಣಗಳ ಭೇದ ಸರಿಯಾಗಿ ಕಾಣದ ದೃಷ್ಟಿದೋಷವಿರುವುದು ತಿಳಿದು ಕುಂಚವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರವನ್ನು ಹಿಡಿದರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರೊಡನೆ ಸೈಕಲ್ ಅಂಗಡಿ. ಆಮೇಲೆ ಮೇವು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದ್ದರಿಂದ ನೇಗಿಲುಗಳು ಬಹಳ ದಿನ ಮಾರಾಟವಾಗದೆ ಉಳಿದವೆಂದು ಹೇಳುತ್ತಾರೆ. ಮುಂದೆ ಬೆಳಗಾವಿಯ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಆಶ್ರಯವಿತ್ತರು. ಪಾಪಾಸುಕಳ್ಳಿ ಬೆಳೆದು ಹಾವು ಹರಿದಾಡುತ್ತಿದ್ದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಇಷ್ಟು ಕಥೆ ಅನೇಕರಿಗೆ ಗೊತ್ತು. ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಮುಂದಿನದು. ಆ ವಾಡಿಯನ್ನು ಲಕ್ಷ್ಮಣರಾಯರು ಒಬ್ಬರೇ ನಡೆಸಲಿಲ್ಲ. ಊರಿನ ಆಡಳಿತವನ್ನು ರಾಮುಅಣ್ಣ ವಹಿಸಿಕೊಂಡರು. ಲೆಕ್ಕಪತ್ರ ಮಂಗೇಶರಾವ್ ರೇಗೆಯವರ ಕೈಯಲ್ಲಿತ್ತು. ಶಾಲೆಯನ್ನು ಅರ್ಧಕ್ಕೆ ಬಿಟ್ಟಿದ್ದ ಅನಂತರಾವ್ ಫಳಣೀಕರರು ಅಲ್ಲಿ ಎಂಜಿನಿಯರಾಗಿ ಬೆಳೆದರು. ಇಷ್ಟೇ ಅಲ್ಲ, ದರೋಡೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸಿ ಬಂದವರನ್ನು ಕಾವಲಿಗೆ ನೇಮಿಸಿದರು, ಅವರು ನಂಬಿಕೆಗೆ ಪಾತ್ರರಾಗಿ ಉಳಿದರು. “ಆಳು ಮಾಡಿದ್ದು ಹಾಳು” ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉತ್ತರವುಂಟೆ? ಲಕ್ಷ್ಮಣರಾಯರಿಗೆ ಕೋಚ್ ಎಂದು ಫಲಕ ಹಾಕಿಕೊಂಡ ಗುರು ಯಾರೂ ಇರಲಿಲ್ಲ ನಿಜ. ಆದರೆ ಪಕ್ಕದಲ್ಲಿ ಅಣ್ಣನಿದ್ದ, ಬೆನ್ನಿಗೆ ಅರಸನಿದ್ದ. 1941ರಲ್ಲಿ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದದ್ದು ಈ ಬಳ್ಳಿಯ ಕುಡಿಯೇ.

ಬಾನುಲಿಯ ಕೇಳುಗರಾದ ತಮಗೆ ಇನ್ನೊಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾಗದು. ಮೈಸೂರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಮಗೆ ದೊರೆತದ್ದು ಆ ಮನೆಯಿಂದಲೇ. ಇಂದಿನ ಭಾಷೆಯಲ್ಲಿ ಅದೊಂದು ಅಪ್ಪಟ ತಂತ್ರಜ್ಞಾನದ ನವೋದ್ಯಮ. ಅದು ಒಂದು ಮನೆಯ ಶಕ್ತಿಗೆ ಮೀರಿ ಬೆಳೆದಾಗ ಮೈಸೂರು ನಗರಸಭೆಯ ನೆರವು ಪಡೆಯಿತು. ಮುಂದೆ ಸಂಸ್ಥಾನದ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಹೆತ್ತ ಮನೆಯನ್ನು ಬಿಟ್ಟು ಹೊರಟಿದ್ದರಿಂದಲೇ ಆಕಾಶವಾಣಿ ಬದುಕಿತು. ಕಟ್ಟಿದ್ದನ್ನು ಸಮಯಕ್ಕೆ ಸರಿಯಾಗಿ ಇನ್ನೊಬ್ಬರ ಕೈಗೆ ಕೊಡುವುದೂ ನಾಯಕತ್ವದ ಒಂದು ಅಂಗ; ಬಹುಶಃ ಎಲ್ಲಕ್ಕಿಂತ ಕಷ್ಟದ ಅಂಗ.

ಸ್ವಾತಂತ್ರ್ಯಾನಂತರ ಉದ್ಯಮಶೀಲತೆಯನ್ನು ಶಾಲೆಯ ಪಾಠದಂತೆ ಕಲಿಸಬಹುದೇ ಎಂಬ ಪ್ರಶ್ನೆ ಬಂದಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಅವರು 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧಿಸಬೇಕೆಂಬ ಹಂಬಲವನ್ನು ಬೆಳೆಸುವ ತರಬೇತಿಯ ಪ್ರಯೋಗ ನಡೆಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ಹೊಸ ಕೆಲಸಗಳಿಗೆ ಕೈಹಾಕಿದರೆಂದು 1969ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಈ ವಿದ್ಯೆಗೆ ಸಂಸ್ಥೆಗಳು ಹುಟ್ಟಿಕೊಂಡವು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ‘ರುಡ್‌ಸೆಟ್’ ಆರಂಭವಾಯಿತು. 1983ರಲ್ಲಿ ಅಹಮದಾಬಾದಿನಲ್ಲಿ ಉದ್ಯಮಶೀಲತೆಯ ರಾಷ್ಟ್ರೀಯ ಸಂಸ್ಥೆಯೊಂದು ಬಂದಿತು. 1992ರಲ್ಲಿ ಕರ್ನಾಟಕದ ಉದ್ಯಮಶೀಲತಾಭಿವೃದ್ಧಿ ಕೇಂದ್ರವಾದ ‘ಸಿಡಾಕ್’ ಸ್ಥಾಪಿತವಾದಾಗ ಅದರ ಮುಖ್ಯ ನೆಲೆ ಬೆಂಗಳೂರಾಗದೆ ಧಾರವಾಡವಾದದ್ದು ನಮ್ಮ ಊರಿನ ಭಾಗ್ಯ. ಆದರೆ ಈ ತರಬೇತಿಗಳ ಒತ್ತು ಬಹುಮಟ್ಟಿಗೆ ಉದ್ಯಮವನ್ನು ಹೂಡುವುದರ ಮೇಲೆ. ಹೂಡಿದ ಮೇಲೆ, ಜನ ಸೇರಿದ ಮೇಲೆ, ಒಡೆಯನು ತನ್ನನ್ನು ತಾನು ತಿದ್ದಿಕೊಳ್ಳುವುದು ಹೇಗೆ ಎಂಬ ಪಾಠ ಇನ್ನೂ ಬಾಕಿಯಿತ್ತು.

ಈ ಬಾಕಿಯನ್ನು ತೀರಿಸಲು ಬಂದವರಲ್ಲಿ ಹುಬ್ಬಳ್ಳಿಯವರೇ ಆದ ಡಾ. ಗುರುರಾಜ ದೇಶಪಾಂಡೆಯವರು ಮುಖ್ಯರು. 1950ರಲ್ಲಿ ಹುಟ್ಟಿದ ಇವರು ಮದ್ರಾಸಿನ ಐಐಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಕೆನಡಾಕ್ಕೆ ಹೋಗಿ ಡಾಕ್ಟರೇಟ್ ಪಡೆದು, ಅಮೆರಿಕದಲ್ಲಿ ಉದ್ಯಮಕ್ಕಿಳಿದರು. 1980ರ ದಶಕದ ಕೊನೆಗೆ ‘ಕೋರಲ್ ನೆಟ್‌ವರ್ಕ್ಸ್’ ಎಂಬ ಮೊದಲ ಕಂಪನಿಯನ್ನು ಪಾಲುದಾರನೊಂದಿಗೆ ಕಟ್ಟಿದರು. ಮುಂದಿನ ದಾರಿಯ ವಿಚಾರದಲ್ಲಿ ಇಬ್ಬರಿಗೂ ಹೊಂದಾಣಿಕೆಯಾಗದೆ, ತಾವೇ ಕಟ್ಟಿದ ಮನೆಯಿಂದ ಬರಿಗೈಯಲ್ಲಿ ಹೊರಬಿದ್ದರು. 1990ರಲ್ಲಿ ‘ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್’ ಆರಂಭಿಸಿದರು. ಇಲ್ಲಿ ಅವರು ಮಾಡಿದ ಕೆಲಸ ಗಮನಾರ್ಹವಾದುದು. 1992ರಲ್ಲಿ ಡೇನಿಯಲ್ ಸ್ಮಿತ್ ಎಂಬ ಅನುಭವಿಯನ್ನು ಕರೆತಂದು ಮುಖ್ಯಾಧಿಕಾರಿಯ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟರು. ಕಟ್ಟಿದವನು ತಾನಾದರೂ ನಡೆಸುವವನು ಇನ್ನೊಬ್ಬನಾಗಲಿ ಎಂಬ ಈ ನಿರ್ಧಾರವು ಫಲ ಕೊಟ್ಟಿತು. 1997ರಲ್ಲಿ ಆ ಕಂಪನಿಯು ಸುಮಾರು 370 ಕೋಟಿ ಡಾಲರುಗಳಿಗೆ ಮಾರಾಟವಾಯಿತು. ಮರುವರ್ಷ ಇಬ್ಬರೂ ಕೂಡಿಯೇ ‘ಸಿಕಮೋರ್ ನೆಟ್‌ವರ್ಕ್ಸ್’ ಕಟ್ಟಿದರು. ಅಲ್ಲಿಯೂ ಮುಖ್ಯಾಧಿಕಾರಿ ಸ್ಮಿತ್ ಅವರೇ.

ಪತ್ನಿ ಜಯಶ್ರೀಯವರೊಡನೆ 1996ರಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದ ದೇಶಪಾಂಡೆಯವರು, 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧಕರನ್ನು ಉದ್ಯಮದ ಹಾದಿಗೆ ಹಚ್ಚುವ ಕೇಂದ್ರಕ್ಕೆ ನೆರವಿತ್ತರು. 2007ರಲ್ಲಿ ತಾಯಿನೆಲಕ್ಕೆ ಬಂದು ‘ಹುಬ್ಬಳ್ಳಿ ಸ್ಯಾಂಡ್‌ಬಾಕ್ಸ್’ ಆರಂಭಿಸಿದರು. ಸ್ಯಾಂಡ್‌ಬಾಕ್ಸ್ ಎಂದರೆ ಮಕ್ಕಳು ಗುಬ್ಬಿಗೂಡು ಕಟ್ಟಿ ಕೆಡವಿ ಆಡುವ ಮರಳಿನ ಅಂಗಳ. ಬಿದ್ದರೂ ಪೆಟ್ಟಾಗದು, ಕೆಡವಿದರೂ ನಷ್ಟವಾಗದು. ಗೋಕುಲ ರಸ್ತೆಯಲ್ಲಿ ನವೋದ್ಯಮಗಳಿಗಾಗಿ ಎದ್ದ ದೊಡ್ಡ ಕಟ್ಟಡವನ್ನು 2018ರಲ್ಲಿ ಉದ್ಯಮಿ ರತನ್ ಟಾಟಾ ಅವರು ಉದ್ಘಾಟಿಸಿದರು. ಹೊಸ ಉದ್ಯಮಿಗಳಿಗೆ ಕುಳಿತುಕೊಳ್ಳಲು ಜಾಗ, ಮಾದರಿ ತಯಾರಿಸಲು ಯಂತ್ರಶಾಲೆ, ಮೊದಲ ಮೆಟ್ಟಿಲಿಗೆ ಬಂಡವಾಳ, ಮತ್ತು ಹಿಂದೆ ಈ ದಾರಿಯಲ್ಲಿ ನಡೆದ ಹಿರಿಯರ ಮಾರ್ಗದರ್ಶನ ಇಲ್ಲಿ ಒದಗುತ್ತವೆ. 1947ರಲ್ಲಿ ಸ್ಥಾಪಿತವಾದ ನಮ್ಮ ಬಿ.ವಿ. ಭೂಮರಡ್ಡಿ ಕಾಲೇಜು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದ್ದು ಅಲ್ಲಿಯೂ ಇಂಥ ಕೇಂದ್ರವಿದೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯ ಮೂಲದ ಉದ್ಯಮಿಗಳು 1992ರಲ್ಲಿ ಕಟ್ಟಿದ ‘ಟೈ’ ಎಂಬ ಬಳಗದ ಶಾಖೆಯೂ ಹುಬ್ಬಳ್ಳಿಯಲ್ಲಿದೆ. ಧಾರವಾಡದಲ್ಲಿ 2015ರಲ್ಲಿ ಐಐಐಟಿಯೂ 2016ರಲ್ಲಿ ಐಐಟಿಯೂ ಆರಂಭವಾದವು. ಬೆಂಗಳೂರಿನ ಹೊರಗೂ ಇಂಥ ಉದ್ಯಮ ಬೆಳೆಯಲೆಂದು ಸರ್ಕಾರವು ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಗುಚ್ಛವಾಗಿ ಆರಿಸಿಕೊಂಡಿದೆ.

ಹಾಗಾದರೆ ಈ ಮಾರ್ಗದರ್ಶನದಲ್ಲಿ ನಡೆಯುವುದಾದರೂ ಏನು? ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿರಿ. ಹೊಲದ ತೇವವನ್ನು ಅಳೆದು ಪಂಪನ್ನು ತಾನಾಗಿಯೇ ನಿಲ್ಲಿಸುವ ಉಪಕರಣವೊಂದನ್ನು ಅವನು ಮೂವರು ಸಹಪಾಠಿಗಳೊಡನೆ ತಯಾರಿಸಿದ್ದಾನೆ. ಈಗ ಇಪ್ಪತ್ತು ಜನ ಕೆಲಸಕ್ಕಿದ್ದಾರೆ. ಆದರೂ ರಾತ್ರಿ ಹನ್ನೊಂದಕ್ಕೆ ರೈತನ ದೂರವಾಣಿಗೆ ಉತ್ತರಿಸುವವನು ಅವನೇ, ಬೆಸುಗೆ ಹಾಕುವವನು ಅವನೇ, ಕೆಲಸಗಾರ ಬರೆದ ಪತ್ರವನ್ನು ತಿದ್ದಿ ಹೊಸದಾಗಿ ಬರೆಯುವವನೂ ಅವನೇ. ಮಾರ್ಗದರ್ಶಕನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅವನೊಡನೆ ಒಂದು ತಾಸು ಕುಳಿತುಕೊಳ್ಳುತ್ತಾನೆ. ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಕಳೆದ ವಾರ ಮಾಡಿದ ಕೆಲಸಗಳಲ್ಲಿ ನೀನೇ ಮಾಡಲೇಬೇಕಾದವು ಎಷ್ಟು? ಉಳಿದವನ್ನು ಯಾರಿಗೆ ಒಪ್ಪಿಸಬಹುದಿತ್ತು? “ಅವಂಗ ಬರೂದಿಲ್ರೀ ಸರ್, ನಾನ ಮಾಡಬೇಕು” ಎನ್ನುತ್ತಾನೆ ತರುಣ. “ಬರೂದಿಲ್ಲಂತ ನಿನಗ ಹೆಂಗ ಗೊತ್ತಾತು ತಮ್ಮಾ? ಒಮ್ಮೆರ ಅವನ ಕೈಯಾಗ ಬಿಟ್ಟು ನೋಡೀಯೇನು?” ಎನ್ನುತ್ತಾನೆ ಹಿರಿಯ. ಮುಂದಿನ ಭೇಟಿಯಲ್ಲಿ ಅಲ್ಲಿಂದಲೇ ಮಾತು ಮುಂದುವರಿಯುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಸಾಧನಗಳುಂಟು. ಕೈಕೆಳಗಿನವರು ಒಡೆಯನ ಬಗ್ಗೆ ಏನು ತಿಳಿದಿದ್ದಾರೆಂಬುದನ್ನು ಹೆಸರು ಹೊರಗೆಡಹದೆ ಬರೆಯಿಸಿ ಅವನ ಮುಂದಿಡುವುದು ಒಂದು. ಪಾಲುದಾರರು ಕೆಲಸವನ್ನೂ ಪಾಲನ್ನೂ ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಮನಸ್ತಾಪ ಬರುವ ಮುಂಚೆಯೇ ಕಾಗದದ ಮೇಲೆ ಬರೆಯಿಸುವುದು ಇನ್ನೊಂದು. ಕೆಲಸ ಸರಿಯಾಗದವನಿಗೆ ಸಿಟ್ಟಾಗದೆ, ಮುಚ್ಚುಮರೆಯಿಲ್ಲದೆ, ಎಲ್ಲರೆದುರಿಗಲ್ಲದೆ ಹೇಗೆ ಹೇಳಬೇಕೆಂಬುದನ್ನು ರೂಢಿಮಾಡಿಸುವುದು ಮತ್ತೊಂದು. ನೋಡಲು ಸಣ್ಣ ವಿಷಯಗಳಿವು. ಕಂಪನಿಗಳು ಎಡವಿ ಬೀಳುವುದು ಮಾತ್ರ ಇಂಥ ಸಣ್ಣ ಹೊಸ್ತಿಲುಗಳ ಮೇಲೆಯೇ.

ಈ ಮಾತಿಗೆ ಹೊರದೇಶದ ಸಾಕ್ಷ್ಯವನ್ನೂ ನೋಡಿರಿ. ಹಾರ್ವರ್ಡಿನ ನೋಮ್ ವಾಸರ್ಮನ್ ಎಂಬ ವಿದ್ವಾಂಸರು ಅಮೆರಿಕದ 212 ನವೋದ್ಯಮಗಳನ್ನು ಪರಿಶೀಲಿಸಿ 2008ರಲ್ಲಿ ಬರೆದ ಲೇಖನದ ಪ್ರಕಾರ, ಕಂಪನಿಗೆ ಮೂರು ವರ್ಷ ತುಂಬುವಷ್ಟರಲ್ಲಿ ಸಂಸ್ಥಾಪಕರಲ್ಲಿ ಅರ್ಧ ಜನ ಮುಖ್ಯಾಧಿಕಾರಿಯ ಸ್ಥಾನದಲ್ಲಿ ಉಳಿದಿರಲಿಲ್ಲ. ಷೇರುಪೇಟೆಗೆ ಬರುವತನಕ ತಾವೇ ಮುಂದಾಳಾಗಿ ಉಳಿದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಗೂಗಲ್ ಕಂಪನಿಯವರು 2008ರಿಂದ ತಮ್ಮ ಮೇಲ್ವಿಚಾರಕರಲ್ಲಿ ಒಳ್ಳೆಯವರ ಲಕ್ಷಣಗಳಾವುವೆಂದು ಶೋಧಿಸಿದಾಗ ಎಂಟು ಗುಣಗಳ ಪಟ್ಟಿ ದೊರೆಯಿತು. ತಾಂತ್ರಿಕ ಜ್ಞಾನವು ಎಂಟನೆಯ ಸ್ಥಾನದಲ್ಲಿತ್ತು. ಕೈಕೆಳಗಿನವರಿಗೆ ಒಳ್ಳೆಯ ಕೋಚ್ ಆಗಿರುವುದು ಮೊದಲನೆಯದಾಗಿತ್ತು. ಲೆಕ್ಕದಲ್ಲಿಯೂ ಯಂತ್ರದಲ್ಲಿಯೂ ಅದ್ವಿತೀಯರಾದವರ ಕಂಪನಿಯಲ್ಲಿ ಬಂದ ಫಲಿತಾಂಶವಿದು!

ಅದೇ ಗೂಗಲ್‌ಗೆ 2001ರಲ್ಲಿ ಮುಖ್ಯಸ್ಥರಾಗಿ ಬಂದ ಎರಿಕ್ ಸ್ಮಿಟ್ ಅವರಿಗೆ ಕೋಚ್ ಒಬ್ಬರನ್ನು ಇಟ್ಟುಕೊಳ್ಳಿರೆಂದು ಹಿರಿಯರು ಸೂಚಿಸಿದಾಗ, ನನಗೇತಕ್ಕೆ ಬೇಕೆಂದು ಅವರು ಮೊದಲು ಮುನಿಸಿಕೊಂಡರಂತೆ. ಬಂದವರು ಬಿಲ್ ಕ್ಯಾಂಪ್‌ಬೆಲ್. ಹಿಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದವರು; ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಮೈದಾನದಲ್ಲಿ ಸೋತ ಈ ತರಬೇತುದಾರರು 2016ರಲ್ಲಿ ತೀರಿಕೊಳ್ಳುವ ವೇಳೆಗೆ ಸ್ಟೀವ್ ಜಾಬ್ಸ್, ಲ್ಯಾರಿ ಪೇಜ್ ಮೊದಲಾದವರಿಗೆಲ್ಲ ಹಿತವಚನ ಹೇಳಿದ ಹಿರಿಯರೆನಿಸಿದ್ದರು. ಮುನಿಸಿಕೊಂಡಿದ್ದ ಸ್ಮಿಟ್ ಅವರೇ ಮುಂದೆ, ಎಲ್ಲರಿಗೂ ಕೋಚ್ ಬೇಕು ಎಂದು ಸಾರಿದರು.

ನಮ್ಮವರ ಅನುಭವವೂ ಇದಕ್ಕೆ ಹೊರತಲ್ಲ. 1981ರಲ್ಲಿ ಏಳು ಜನ ಎಂಜಿನಿಯರುಗಳು ಕಟ್ಟಿದ ಇನ್ಫೋಸಿಸ್ ಸಂಸ್ಥೆಗೆ ಮೊದಲ ಬಂಡವಾಳವೆಂದು 10,000 ರೂಪಾಯಿ ಕೊಟ್ಟವರು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು. ನಾರಾಯಣ ಮೂರ್ತಿಯವರು 2002ರಲ್ಲಿ ಮುಖ್ಯಾಧಿಕಾರಿಯ ಹೊಣೆಯನ್ನು, ಎಳವೆಯಲ್ಲಿ ಕೆಲಕಾಲ ಧಾರವಾಡದಲ್ಲಿ ಓದಿದ ನಂದನ್ ನಿಲೇಕಣಿಯವರಿಗೆ ಒಪ್ಪಿಸಿದರು. ಮುಂದಾಳುಗಳನ್ನು ತಯಾರಿಸಲೆಂದೇ ಮೈಸೂರಿನಲ್ಲಿ ಒಂದು ಸಂಸ್ಥೆಯನ್ನೂ ಅವರು ತೆರೆದರು. ಆದರೂ 2014ರಲ್ಲಿ ಸಂಸ್ಥಾಪಕರಲ್ಲದವರೊಬ್ಬರು ಮೊದಲ ಬಾರಿಗೆ ಆ ಕುರ್ಚಿಗೆ ಬಂದ ಮೇಲೆ, ಕಟ್ಟಿದವರಿಗೂ ಆಡಳಿತ ಮಂಡಳಿಗೂ ನಡುವೆ ಭಿನ್ನಾಭಿಪ್ರಾಯ ಬೆಳೆದು 2017ರಲ್ಲಿ ನಿಲೇಕಣಿಯವರೇ ಅಧ್ಯಕ್ಷರಾಗಿ ಮರಳಬೇಕಾಯಿತು. ಅಷ್ಟು ಸಿದ್ಧತೆಯುಳ್ಳ ದೊಡ್ಡ ಸಂಸ್ಥೆಗೇ ಕೈಯಿಂದ ಕೈಗೆ ದಾಟಿಸುವುದು ಅಷ್ಟು ಕಷ್ಟವಾದರೆ, ಇಪ್ಪತ್ತು ಜನರ ಕಂಪನಿಯ ಪಾಡೇನು?

ನಮ್ಮ ಊರುಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಎಳೆಯಿದೆ. ಇಲ್ಲಿ ಕಂಪನಿ ಹುಟ್ಟುವುದು ಗೆಳೆತನದಿಂದ, ನೆಂಟಸ್ತನದಿಂದ. ಕೆಲಸಕ್ಕೆ ಬಂದವನು ಸೋದರಮಾವನ ಮಗ, ಲೆಕ್ಕ ಬರೆಯುವವನು ಹಾಸ್ಟೆಲಿನ ಜೊತೆಗಾರ. ಅವನ ತಪ್ಪನ್ನು ಹೇಳಿದರೆ ಮದುವೆ-ಮುಂಜಿಗಳಲ್ಲಿ ಮುಖ ನೋಡುವುದು ಹೇಗೆ? ಹೇಳದಿದ್ದರೆ ತಿಂಗಳ ಕೊನೆಗೆ ಸಂಬಳ ಕೊಡುವುದು ಹೇಗೆ? ಅತ್ತ ಕೈಕೆಳಗಿನವನೂ ಹಿರಿಯರೆದುರು ಬಾಯಿ ಬಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವನು. ತಪ್ಪು ದಾರಿ ಹಿಡಿದಿದ್ದೇವೆಂದು ಕಂಡರೂ “ಆತ್ರೀ ಸರ್” ಎಂದು ಸುಮ್ಮನಾಗುತ್ತಾನೆ. ಮನೆಯವನೂ ಅಲ್ಲದ, ಪಗಾರದವನೂ ಅಲ್ಲದ ಮೂರನೆಯ ಹಿರಿಯನೊಬ್ಬನು ಇಲ್ಲಿ ಬೇಕಾಗುವುದು ಆ ಕಾರಣಕ್ಕೇ. ಹಳೆಯ ಪೇಟೆಯಲ್ಲಿ ಪಂಚರು ಮಾಡುತ್ತಿದ್ದ ಕೆಲಸವನ್ನು ಅವನು ಮಾಡುತ್ತಾನೆ. ಆದರೆ ಜಗಳ ಬಂದ ಮೇಲಲ್ಲ, ಬರುವ ಮುನ್ನ.

ಇದರಲ್ಲಿ ಪಣಕ್ಕಿರುವುದು ಸಣ್ಣದಲ್ಲ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭಕ್ಕೆ ನಿಂತುಹೋದಾಗ ಊರಿಗೆ ಊರೇ ಮಂಕಾಯಿತು. ಕಾರ್ಖಾನೆಗಳು ನಿಲ್ಲುವುದಕ್ಕೆ ಕಾರಣಗಳು ನೂರಿರಬಹುದು; ಆದರೆ ನಿಂತಾಗ ಒಲೆ ಆರುವುದು ಕೆಲಸಗಾರನ ಮನೆಯಲ್ಲಿಯೇ. ನಮ್ಮ ಹುಡುಗರು ಇಂದು ಬೆಂಗಳೂರಿಗೋ ಪುಣೆಗೋ ರಾತ್ರಿಯ ಬಸ್ಸು ಹಿಡಿಯುವುದು ತಪ್ಪಬೇಕಾದರೆ ಇಲ್ಲಿ ಕಂಪನಿಗಳು ಹುಟ್ಟಿದರಷ್ಟೇ ಸಾಲದು, ಬಾಳಬೇಕು. ಅವು ಬಾಳುವುದು ಒಡೆಯನು ಎಷ್ಟು ಜಾಣ ಎಂಬುದಕ್ಕಿಂತ, ಅವನ ಕೈಕೆಳಗೆ ಎಷ್ಟು ಜನ ಜಾಣರಾಗಿ ಬೆಳೆದರು ಎಂಬುದರ ಮೇಲೆ.

ಒಂದು ಎಚ್ಚರದ ಮಾತನ್ನೂ ಹೇಳಬೇಕು. ಕೋಚ್ ಎಂದು ಕರೆದುಕೊಳ್ಳಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ. ಎರಡು ದಿನದ ಶಿಬಿರ, ನಾಲ್ಕು ಹುರುಪಿನ ಮಾತು, ಕೊನೆಗೊಂದು ಪ್ರಮಾಣಪತ್ರ ಕೊಟ್ಟು ಹಣ ಎಣಿಸಿಕೊಳ್ಳುವವರೂ ಇದ್ದಾರೆ. ಹೊಗಳುವವನು ಗುರುವಲ್ಲ. ಗಿರಾಕಿಗೆ ಬೇಡವಾದ ಸರಕನ್ನು ಯಾವ ಗುರುವೂ ಮಾರಿಸಿಕೊಡಲಾರ. ಇಲ್ಲದ ಬಂಡವಾಳವನ್ನು ಮಾತಿನಿಂದ ಹುಟ್ಟಿಸಲಾರ. ತಾನು ಬೇಕಾಗದಂತೆ ಶಿಷ್ಯನನ್ನು ಬೆಳೆಸುವವನೇ ನಿಜವಾದ ಗುರು. ನಾಯಕನ ಪರೀಕ್ಷೆಯೂ ಅದೇ. ಅವನು ಹದಿನೈದು ದಿನ ಊರಲ್ಲಿಲ್ಲದಿದ್ದರೂ ಕೆಲಸವು ಎಂದಿನಂತೆ ಸಾಗಿದರೆ ಅವನು ತೇರ್ಗಡೆಯಾದನೆಂದು ತಿಳಿಯಬೇಕು.

ತಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇಂಥದೊಂದು ಉದ್ಯಮ ಹೂಡಿದ ಮಗನೋ ಮಗಳೋ ಇರಬಹುದು. ಹಬ್ಬಕ್ಕೆ ಬಂದಾಗ ಎಷ್ಟು ಲಾಭವಾಯಿತೆಂದು ನಾವೆಲ್ಲ ಕೇಳಿಯೇ ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ನೀನು ತಪ್ಪಿದಾಗ ನಿನಗೆ ಹೇಳುವವರು ಯಾರಿದ್ದಾರೆ? ಆ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಬಂದರೆ ನಿಶ್ಚಿಂತೆಯಿಂದಿರಿ. ಬಾರದಿದ್ದರೆ, ಅಂಥ ಹಿರಿಯರೊಬ್ಬರನ್ನು ಹುಡುಕಿಕೊಡುವುದು ಬಂಡವಾಳ ಹುಡುಕಿಕೊಡುವುದಕ್ಕಿಂತ ದೊಡ್ಡ ಉಪಕಾರವೆಂದು ತಿಳಿಯಿರಿ.